ಬಿರುಕಿನ ಮೇಲಿನ ಗಾಜು

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದಿದ್ದೇನೆ. ಮೊದಲು ಮಗಳ ಮದುವೆ ಮುಗಿಯಲಿ ಎಂದೆ, ಆಮೇಲೆ ಕಣ್ಣಿನ ಆಪರೇಷನ್ ಆಗಲಿ ಎಂದೆ. ಕಣ್ಣು ಸರಿಹೋಗಿ ಎರಡು ವರ್ಷವಾಯಿತು, ನೆಪಗಳು ಮುಗಿದಿವೆ. ಮೊನ್ನೆ ನಮ್ಮ ಕಿಟಕಿಗೆ ಗಾಜು ಹಾಕಲು ಬಂದವನು ಗಾಜಿನ ಮೇಲೆ ಗೀರೆಳೆದು, ಮೇಜಿನ ಅಂಚಿಗೆ ಒತ್ತಿ ಟಕ್ಕೆಂದು ಮುರಿದ. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ.

"ಏನಾಯ್ತು ಅಜ್ಜಾ?"

"ಏನಿಲ್ಲ ಮಾರಾಯ" ಎಂದೆ. ಇದ್ದದ್ದನ್ನು ನಿಮಗೆ ಹೇಳುತ್ತೇನೆ.

ಚಿಕ್ಕಮಗಳೂರಿನ ಪೇಟೆಯಲ್ಲಿ, ಈಗ ಅಂಗಡಿಗಳ ಕಾಂಪ್ಲೆಕ್ಸ್ ಇರುವ ಜಾಗದಲ್ಲಿ, ಕಾಫಿ ಬೀಜ ಆರಿಸುವ ದೊಡ್ಡ ಹಾಲ್ ಇತ್ತು. ಎಸ್ಟೇಟುಗಳಿಂದ ಬಂದ ಪಾರ್ಚ್‌ಮೆಂಟ್ ಕಾಫಿಯ ಸಿಪ್ಪೆ ಬಿಡಿಸಿದ ಮೇಲೆ, ಹೆಂಗಸರು ಅಲ್ಲಿ ಸಾಲಾಗಿ ಕುಳಿತು ಕಪ್ಪು ಬೀಜ, ಒಡಕು ಬೀಜ ಬೇರೆ ಮಾಡುತ್ತಿದ್ದರು. ನೇರ ಬಿಸಿಲು ಬಿದ್ದರೆ ಬೀಜದ ಬಣ್ಣ ಮೋಸ ಮಾಡುತ್ತದೆಂದು ಕಟ್ಟಿದವರು ಕಿಟಕಿಗಳನ್ನೆಲ್ಲ ಉತ್ತರಕ್ಕೇ ಇಟ್ಟಿದ್ದರು. ಗೋಡೆಯ ಸುಣ್ಣ ಘಟ್ಟದ ಕೆಳಗಿನಿಂದ ಎತ್ತಿನ ಗಾಡಿಯಲ್ಲಿ ಬಂದ ಚಿಪ್ಪಿನ ಸುಣ್ಣವಂತೆ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಅಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ನನ್ನ ದುಂಡು ಅಕ್ಷರ ನೋಡಿಯೇ ಲಾರಿಗಳು ಬರುತ್ತವೆ ಎಂದು ನಂಬಿದ್ದವನು. ತೊಂಬತ್ತರ ದಶಕದಲ್ಲಿ ಬೆಳೆಗಾರರು ಸರ್ಕಾರದ ಮಂಡಳಿಗೆ ಕೊಡದೆ ತಮ್ಮ ಕಾಫಿ ತಾವೇ ಮಾರಬಹುದೆಂದಾಯಿತು. ಲಾರಿಗಳು ನಿಂತವು, ಹೆಂಗಸರೂ ಹೋದರು. ಬೀಗದ ಕೈ ನನ್ನ ಹತ್ತಿರ ಉಳಿಯಿತು.

ಉತ್ತರದ ಗೋಡೆ ಬಿರುಕು ಬಿಟ್ಟಿತ್ತು. ಕೆಡವಿ ಅಂಗಡಿ ಕಟ್ಟಬೇಕೆಂದು ಮಾಲೀಕರು, ಉಳಿಸಿ ಕಾಫಿಯ ಹಳೆಯ ಸಾಮಾನುಗಳನ್ನಿಡೋಣವೆಂದು ಊರಿನ ಕೆಲವರು. ಉಳಿಸುವವರು ಕಳಸದಿಂದ ಒಬ್ಬ ಗಾರೆ ಮೇಸ್ತ್ರಿಯನ್ನು ಕರೆಸಿದರು. ನನಗಿಂತ ಹತ್ತು ವರ್ಷ ದೊಡ್ಡವರು. ಆಗ ನಾನು ಅವರನ್ನು "ಬಾರೋ, ಹೋಗೋ" ಎನ್ನುತ್ತಿದ್ದೆ.

ಅವರು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಕೊನೆಗೆ ಬುಡ ನೋಡಿ ನಿಂತರು. "ಇಲ್ಲಿ ಸಿಮೆಂಟ್ ಕೋಟು ಹಾಕ್ಸಿದ್ದು ಯಾರು?"

ನಾನೇ. ಮಳೆಗಾಲದಲ್ಲಿ ಸುಣ್ಣ ಉದುರುತ್ತದೆಂದು ಹಾಕಿಸಿ, ಎಷ್ಟೋ ವರ್ಷ ಅದನ್ನು ಬಂದವರಿಗೆಲ್ಲ ತೋರಿಸಿ ಮೆರೆದಿದ್ದೆ.

"ರೈಟ್ರೇ, ನೀವು ಮಳೆಗಾಲ್ದಲ್ಲಿ ರೇನ್‌ಕೋಟ್ ಹಾಕ್ಕಂಡೇ ಮಲಗ್ತೀರಾ? ಒಳಗಿನ್ ನೀರು ಹೊರಗ್ ಹೋಗ್ಬೇಕಲ್ಲ ಮಾರಾಯ್ರೆ!"

ಗೋಡೆ ನೋಡಲು ನೆರೆದಿದ್ದವರೆಲ್ಲರೂ ನಕ್ಕರು. ಮೇಸ್ತ್ರಿಯ ಮಾತಿನಲ್ಲಿ ವಿಷವಿರಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆ ನಗು ನನ್ನೊಳಗೆ ಸೇರಿದ್ದು ಹೊರಗೆ ಹೋಗಲಿಲ್ಲ.

ಮೇಸ್ತ್ರಿ ಸಿಮೆಂಟು ಕೆತ್ತಿ ತೆಗೆದು, ಬೆಲ್ಲದ ನೀರಿನಲ್ಲಿ ಅರೆದ ಸುಣ್ಣ ತುಂಬಿದರು. ಬಿರುಕಿನ ಮೇಲೆ ಅಡ್ಡಡ್ಡಲಾಗಿ ಐದು ಗಾಜಿನ ಪಟ್ಟಿಗಳನ್ನು ಕೂರಿಸಿದರು. "ಗೋಡೆ ಕೂದಲೆಳೆಯಷ್ಟು ಅಲುಗಿದ್ರೂ ಗಾಜು ಒಡೀತದೆ. ಮಳೆಗಾಲ ಕಳೀಲಿ, ನೋಡಾಣ." ಗಾಜು ಉಳಿದರೆ ಹಾಲ್ ಉಳಿಯುತ್ತದೆ ಎಂದು ಗೋಡೆ ಪರೀಕ್ಷಿಸಲು ಬಂದಿದ್ದ ಇಂಜಿನಿಯರರೂ ಮಾಲೀಕರೂ ಎಲ್ಲರೆದುರು ಒಪ್ಪಿದರು.

"ತಾರೀಕು ನೀವು ಬರೀರಿ ರೈಟ್ರೇ, ನಂಗೆ ಅಕ್ಷರ ಬರಲ್ಲ. ನಿಮ್ದು ಮುತ್ತಿನಂಥ ಕೈ."

ಹಸಿ ಸುಣ್ಣದಲ್ಲಿ ಮೊಳೆಯಿಂದ ಬರೆದೆ. "ನಿನ್ನ ಹೆಸರೂ ಬರೀಲೇನೋ?"

"ಈಗ ಬ್ಯಾಡ. ಗೋಡೆ ನಿಂತ್ರೆ ಆಮೇಲ್ ಬರೀರಿ."

ಜೂನ್ ಕಳೆಯಿತು, ಜುಲೈ ಕಳೆಯಿತು. ದಿನಾ ಬೀಗ ತೆಗೆದು ನೋಡುತ್ತಿದ್ದೆ. ಐದೂ ಗಾಜು ಹಾಗೆಯೇ. ಹೊರಗೆ ಮಳೆ ಹೊಯ್ಯುತ್ತಿದ್ದರೆ ಒಳಗೆ ಗೋಡೆ ಒಣಗುತ್ತಿತ್ತು. ಒಣಗಿದಷ್ಟೂ ನನ್ನ ದಡ್ಡತನ ಎದ್ದು ಕಾಣುತ್ತಿತ್ತು. ಪೇಟೆಯಲ್ಲಿ ಆಗಲೇ "ರೇನ್‌ಕೋಟ್ ರೈಟ್ರು ಬಂದ್ರು" ಎನ್ನುತ್ತಿದ್ದರು. ಆಗಸ್ಟಿನ ಒಂದು ಮಧ್ಯಾಹ್ನ, ಊಟ ಮಾಡಿ ಬಂದವನು, ಬೀಗದ ಕೈಯಿಂದ ನಡುವಿನ ಗಾಜನ್ನು ತಟ್ಟಿದೆ. ಟಕ್. ಯಾರಾದರೂ ಹೇಳಿ ಮಾಡಿಸಿದ್ದರೆ ಅವರ ಮೇಲೆ ಹಾಕಬಹುದಿತ್ತು. ಯಾರೂ ಹೇಳಿರಲಿಲ್ಲ.

ಇಂಜಿನಿಯರರು ನೋಡಿ, ಗೋಡೆ ಅಲುಗಿದೆ ಎಂದು ಬರೆದುಕೊಂಡು ಹೋದರು. ಮೇಸ್ತ್ರಿ ಕಳಸದ ಬಸ್ಸಿಳಿದು ನೇರ ಬಂದು, ಒಡೆದ ಗಾಜಿನ ಮೇಲೆ ಬೆರಳಾಡಿಸಿದರು. ಬೀಗದ ಕೈ ನನ್ನೊಬ್ಬನ ಬಳಿ ಇತ್ತು. ಆದರೂ ಅವರು ನನ್ನನ್ನು ನೋಡಲಿಲ್ಲ. ತಮ್ಮ ಅಂಗೈ ನೋಡಿಕೊಂಡರು.

"ಸುಣ್ಣದ ಹದ ತಪ್ತೇನೋ ರೈಟ್ರೇ. ಕೈಗೂ ವಯಸ್ಸಾಯ್ತು."

"ಹೋಗ್ಲಿ ಬಿಡು" ಎಂದೆ. ನಾನು ಅವರಿಗೆ ಹೇಳಿದ ಕೊನೆಯ ಮಾತು ಅದು.

ಕೆಡವುವ ದಿನ ಮೂರು ಗೋಡೆಗಳು ಸಂಜೆಯೊಳಗೆ ಬಿದ್ದವು. ಉತ್ತರದ ಗೋಡೆ ಜಗ್ಗಲಿಲ್ಲ. ಜೆಸಿಬಿಯವನು ಕೆಳಗಿಳಿದು ಬೀಡಿ ಹಚ್ಚಿ, "ಇದನ್ನ ಬೀಳೋ ಗೋಡೆ ಅಂದೋನು ಯಾವನ್ರೀ?" ಎಂದ. ಅದನ್ನು ಕೆಡವಲು ಇನ್ನೂ ಎರಡು ದಿನ ಹಿಡಿಯಿತು. ಅದನ್ನು ನೋಡಲು ಮೇಸ್ತ್ರಿ ಅಲ್ಲಿರಲಿಲ್ಲ. ಅವರು ಆಮೇಲೆ ಕರಣೆ ಮುಟ್ಟಲಿಲ್ಲವಂತೆ. ಯಾರಾದರೂ ಕೆಲಸಕ್ಕೆ ಕರೆದರೆ "ನನ್ ಕೈ ನಂಬ್ಬೇಡಿ" ಎನ್ನುತ್ತಿದ್ದರಂತೆ. ಒಮ್ಮೆ ಹೇಳಿಬಿಡೋಣವೆಂದು ಕಳಸದ ಬಸ್ಸು ಹತ್ತಿದೆ. ಬಾಳೆಹೊನ್ನೂರಿನಲ್ಲಿ ಇಳಿದು, ಒಂದು ಕಾಫಿ ಕುಡಿದು, ವಾಪಸು ಬಸ್ಸು ಹಿಡಿದೆ. ಇನ್ನೊಮ್ಮೆ ಹೊರಡುವ ಹೊತ್ತಿಗೆ ಅವರೇ ಇರಲಿಲ್ಲ.

ಗಾಜಿನವನು ಕೆಲಸ ಮುಗಿಸಿ, ಮಿಕ್ಕಿದ ಒಂದು ಪಟ್ಟಿ ಹಿಡಿದು "ಬಿಸಾಕ್ಲಾ ಅಜ್ಜಾ?" ಎಂದ. ಬೇಡವೆಂದು ಇಸಿದುಕೊಂಡೆ. ಅದನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಈಗ ದುಂಡಗಿಲ್ಲ. ಗೋಡೆ ನಿಂತರೆ ಹೆಸರು ಬರೆಯಬೇಕೆಂದು ಮಾತಾಗಿತ್ತು. ಗೋಡೆ ನಿಂತಿತ್ತು. ಅದನ್ನು ನಿಲ್ಲಿಸಿದವರು ಕಳಸದ ಗಾರೆ ಮೇಸ್ತ್ರಿ ಮಂಜಯ್ಯನವರು.