ಸೀಟಿನಡಿಯ ಕೆಂಪು ದಾರ

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ದಾರದಣ್ಣನದು. ಗಿರಾಕಿಗೊಂದು ಬಣ್ಣದ ದಾರ ಆರಿಸಿ ಅವರ ಬಟ್ಟೆಗೆಲ್ಲ ಕಟ್ಟುವುದು ಅವನ ಪದ್ಧತಿ. ಹೆಸರು ಬಂದದ್ದೂ ಅದರಿಂದಲೇ. ಒಬ್ಬರ ಅಂಗಿ ಇನ್ನೊಬ್ಬರ ಮೈಗೆ ಹೋದದ್ದು ಇವತ್ತಿನವರೆಗೂ ಇಲ್ಲ. ಚೀಟಿ ತರದಿದ್ದರೆ ಸ್ವಂತ ಭಾವಮೈದುನನ ಪ್ಯಾಂಟನ್ನೂ ಕೊಡದ ಆಸಾಮಿ. ಅಂಥವನು ಹೊಸ ವ್ಯಾನು ಬುಕ್ ಮಾಡುವಾಗ ಬರೀ ಬಾಯಿಮಾತು ನಂಬಿ ಬಂದನೆಂದರೆ ಏನು ಹೇಳೋಣ!

ವ್ಯಾನು ಬೇಕಾಗಿದ್ದು ಬಟ್ಟೆ ಸಾಗಿಸಲಿಕ್ಕಷ್ಟೇ ಅಲ್ಲ, ಮುಖ್ಯವಾಗಿ ಹೆಂಡತಿಗೆ. ಅವಳ ಮಂಡಿ ಸರಿಯಾಗಿ ಮಡಚದು. ಬಸ್ಸು ಹತ್ತಲಾಗದೆ ಮನೆ ಹಿಡಿದಿದ್ದಳು. ತಂಗಿಗೆ ಮಗುವಾಗಿ ತಿಂಗಳುಗಳಾದರೂ ಹೋಗಿ ನೋಡಿರಲಿಲ್ಲ. ಷೋರೂಮು ಪಕ್ಕದ ಬೀದಿಯಲ್ಲೇ ಇತ್ತು. ಅಲ್ಲಿ ನಿಲ್ಲಿಸಿದ್ದ ಬಿಳಿ ವ್ಯಾನಿನ ಬಾಗಿಲು ತೆಗೆದೊಡನೆ ಕೆಳಗೊಂದು ಮೆಟ್ಟಿಲು ಚಾಚಿಕೊಳ್ಳುತ್ತಿತ್ತು. ಕೋಲೂರಿಕೊಂಡು ಬಂದಿದ್ದ ಅವಳು ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತು, "ರೀ, ನಂಗೆ ಇದೇ ಬೇಕು" ಅಂದಳು.

ಸೇಲ್ಸಿನವನು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡಿದ. "ಥೇಟ್ ಇಂಥದ್ದೇ ಬರುತ್ತೆ ಸಾರ್, ತಲೆ ಕೆಡಿಸ್ಕೋಬೇಡಿ." ದಾರದಣ್ಣ ಆರ್ಡರ್ ಕಾಗದ ಓದದೆ ಸಹಿ ಹಾಕಿದ. ಆಮೇಲೆ ಯಾರೂ ನೋಡದಾಗ ಆ ಸೀಟಿನಡಿಗೆ ಕೈ ಹಾಕಿ ಒಂದು ಕೆಂಪು ದಾರ ಕಟ್ಟಿದ. ಅವನ ಲೆಕ್ಕದಲ್ಲಿ ವ್ಯವಹಾರ ಭದ್ರವಾಯಿತು.

ವ್ಯಾನು ಬಂದಿದೆ ಅಂತ ಫೋನು ಬಂದ ದಿನ ಇಬ್ಬರೂ ಹೋದರು. ದಾರದಣ್ಣ ನೇರವಾಗಿ ಹೊರಗೆ ನಿಲ್ಲಿಸಿದ್ದ ಹೊಸ ವ್ಯಾನಿನ ಸೀಟಿನಡಿ ತಡಕಾಡಿದ.

"ಇದು ನಮ್ದಲ್ಲ. ದಾರ ಇಲ್ಲ."

"ಯಾವ ದಾರ ಸಾರ್?"

"ನಾನು ಕಟ್ಟಿದ್ದು. ಕೆಂಪು ದಾರ."

ಷೋರೂಮೆಲ್ಲ ಬಿದ್ದು ಬಿದ್ದು ನಕ್ಕಿತು. ಅದು ತೋರಿಸಲಿಕ್ಕೆ ಇಟ್ಟದ್ದು, ಇದು ಫ್ಯಾಕ್ಟರಿಯಿಂದ ನಿಮಗೆಂದೇ ಬಂದದ್ದು ಎಂದು ಸೇಲ್ಸಿನವನು ಮಗುವಿಗೆ ಹೇಳುವಂತೆ ಹೇಳಿದ. ದಾರದಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಆರಿಸಿದ್ದು ಒಂದು, ಕೊಡುವುದು ಇನ್ನೊಂದು, ಆದರೂ ಎರಡೂ ಒಂದೇ ಅಂತಾರಲ್ಲ! ತನ್ನ ಅಂಗಡಿಯಲ್ಲಿ ಹೀಗೆ ಮಾಡಿದರೆ ಗಿರಾಕಿ ಸುಮ್ಮನಿರುತ್ತಾನೆಯೇ? ಆದರೆ ನಗುವವರು ಅಷ್ಟು ಜನ, ತಾನೊಬ್ಬ. ನಾಚಿಕೆಯಾಗಿ, ವ್ಯಾನು ಸರಿಯಾಗಿ ಕೈಸೇರಿತು ಎಂಬ ಕಾಗದದ ಮುಂದೆ ಪೆನ್ನು ಹಿಡಿದ.

"ತಾಳ್ರೀ, ಹತ್ತಿ ನೋಡ್ತೀನಿ," ಅಂದಳು ಹೆಂಡತಿ.

ಬಾಗಿಲು ತೆರೆಯಿತು. ಮೆಟ್ಟಿಲು ಬರಲಿಲ್ಲ. ತುಟಿ ಕಚ್ಚಿ ಕಾಲೆತ್ತಿದಳು, ಇನ್ನೂ ಎತ್ತಿದಳು. ಪಾದ ಎಟುಕಲೇ ಇಲ್ಲ.

"ಮೆಟ್ಟಿಲು ಎಕ್ಸ್‌ಟ್ರಾ ಮೇಡಂ," ಅಂದ ಸೇಲ್ಸಿನವನು. "ಆರ್ಡರಲ್ಲಿ ಬರೆದಿಲ್ಲ."

"ಇಂಥದ್ದೇ ಬರುತ್ತೆ ಅಂತ ನೀನೇ ಹೇಳಿದ್ಯಲ್ಲಪ್ಪಾ!"

"ಬಾಯಲ್ಲಿ ಹೇಳಿದ್ದಕ್ಕೆಲ್ಲ ಲೆಕ್ಕ ಇರಲ್ಲ ಮೇಡಂ."

ಅವಳು ಕೋಲೂರುತ್ತ ಷೋರೂಮಿನ ಒಳಗೆ ಹೋದಳು, ಅದೇ ಹಳೆಯ ಬಿಳಿ ವ್ಯಾನು ಹತ್ತಿ ಕೂತಳು. "ನಮ್ ದಾರ ಇರೋದು ಇದ್ರಲ್ಲಿ. ನಾನು ಇಳಿಯಲ್ಲ." ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಮ್ಯಾನೇಜರೇ ಓಡಿಬಂದ.

ಯಾವುದು ಹೊಸದು, ಯಾವುದು ಹಳೆಯದು, ಯಾವುದನ್ನು ಕೇಳಬೇಕು, ದಾರದಣ್ಣನಿಗೆ ಈಗಲೂ ಗೊತ್ತಾಗಲಿಲ್ಲ. ಆದರೆ ಸಹಿ ಹಾಕಬೇಕಾದವನು ತಾನಲ್ಲ ಎಂಬುದಂತೂ ಹೊಳೆಯಿತು. ಪೆನ್ನನ್ನು ಮ್ಯಾನೇಜರನ ಕೈಗಿಟ್ಟ.

"ಮೆಟ್ಟಿಲಿರೋದೇ ಕೊಡ್ತೀವಿ ಅಂತ ಬರೆದುಕೊಡಿ ಸಾರ್. ಚೀಟಿ ಇಲ್ದೆ ನಾನು ಭಾವಮೈದುನಂಗೂ ಪ್ಯಾಂಟ್ ಕೊಡೋನಲ್ಲ."

ಮ್ಯಾನೇಜರ್ ವ್ಯಾನಿನೊಳಗೆ ಇಣುಕಿದ, ನಿಟ್ಟುಸಿರಿಟ್ಟು ಬರೆಯತೊಡಗಿದ. ಒಳಗಿನಿಂದ ಹೆಂಡತಿ ಕೂಗಿದಳು:

"ಯಾವತ್ತು ಕೊಡ್ತಾರೆ ಅಂತಾನೂ ಬರೆಸ್ರೀ. ತಂಗಿ ಮಗು ನಡೆಯೋದು ಕಲಿಯೋದ್ರೊಳಗೆ ನಾನು ಒಂದ್ಸಲ ಎತ್ಕೋಬೇಕು."