ನಿಮ್ಮ ತಾಳ್ಮೆಗೆ ಧನ್ಯವಾದ

ನಮ್ಮಕ್ಕ ಊರೆಲ್ಲ ಬಲ್ಲ ದೊಡ್ಡ ಕಂಪನಿಯೊಂದರಲ್ಲಿ ಕೂತು ಗಿರಾಕಿಗಳ ದೂರನ್ನು ಫೋನಿನಲ್ಲಿ ಕೇಳುವವಳು. ಕಂಪನಿ ಕಲಿಸಿದ ಮಾತುಗಳು ಅವಳ ನಾಲಿಗೆಗೆ ಎಷ್ಟು ಅಂಟಿವೆಯೆಂದರೆ, ಬಚ್ಚಲಿನ ಬಾಗಿಲು ಬಡಿದರೆ ಒಳಗಿನಿಂದ “ಕಾಯಿಸಿದ್ದಕ್ಕೆ ಕ್ಷಮಿಸಿ” ಎನ್ನುತ್ತಾಳೆ. ಊಟ ತಡವಾಯಿತೆಂದು ಅಪ್ಪ ಗೊಣಗಿದರೆ “ನಿಮ್ಮ ತಾಳ್ಮೆಗೆ ಧನ್ಯವಾದ, ಇನ್ನೇನಾದ್ರೂ ಸಹಾಯ ಬೇಕಿತ್ತಾ?” ಎಂದು ತಟ್ಟೆ ಮುಂದಿಡುತ್ತಾಳೆ. ಕಂಡವರ ಬೈಗುಳ ನುಂಗಿಕೊಂಡು ಇಬ್ಬರ ಕೆಲಸವನ್ನು ಒಬ್ಬಳೇ ಎಳೆಯುತ್ತಾಳೆ. ಗುಟುಕು ನೀರಿಗೆ ಎದ್ದರೂ ಮೇಲಿನವರ ಅಪ್ಪಣೆ ಬೇಕು. ಸಂಬಳವೋ, ಹೆಸರು ಕ್ಷೀರಸಾಗರ ಭಟ್ಟ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುವ ಹಾಗೆ. ಯಾರಿಗೂ ಇಲ್ಲವೆನ್ನಲು ಬಾರದ ಈ ಅಕ್ಕ, ನನಗೂ ಅಲ್ಲೇ ಕೆಲಸ ಸಿಕ್ಕಿ ಮನೆಯವರೆಲ್ಲ ಕುಣಿದಾಡಿದ ದಿನ, “ಬೇಡ ಕಣೋ. ಆ ಹೆಸರಿಗೆ ಈ ಮನೆಯಿಂದ ನಾನೊಬ್ಳು ಸಾಕು” ಎಂದುಬಿಟ್ಟಳು. ಅದನ್ನು ಕಂಪನಿ ಕಲಿಸಿರಲಿಲ್ಲ. ಯಾರೂ ಹೆಸರು ಕೇಳಿರದ ಸಣ್ಣ ಮುದ್ರಣಾಲಯದಲ್ಲಿ ದುಡಿದು ನಾನೀಗ ಬೆಳಕಿರುವಾಗಲೇ ಮನೆ ಸೇರುತ್ತೇನೆ. ಕತ್ತಲಾದ ಮೇಲೆ ಕಾಲೆಳೆದುಕೊಂಡು ಬರುವ ಅವಳಿಗೆ ಬಾಗಿಲು ತೆರೆಯುವವನು ನಾನೇ. “ಕಾಯಿಸಿದ್ದಕ್ಕೆ ಕ್ಷಮಿಸಿ” ಎನ್ನುತ್ತಾಳೆ, ತಮ್ಮನಿಗೂ ಬಹುವಚನದಲ್ಲಿ. ಅವಳು ಚಪ್ಪಲಿ ಬಿಡುವಾಗ ಕೈಚೀಲ ಹಿಡಿದುಕೊಂಡು “ನಿಮ್ಮ ತಾಳ್ಮೆಗೆ ಧನ್ಯವಾದ” ಎನ್ನುತ್ತೇನೆ. ತಮಾಷೆಯೆಂದುಕೊಂಡು ಅವಳು ನಗುತ್ತಾಳೆ.