ಮಾಳಿಗೆಯ ಮೇಲಿನ ಪೈಲಟ್

“ಏ ಪೈಲಟ್, ನಾಳಿ ಸೋಯಾ ಹೊಲಕ್ಕ ಕಳೆ ತಗ್ಯಾಕ ಬರ್ತಿಯೇನಬೇ?” ಮರುದಿನದ ಆಳು ಗೊತ್ತು ಮಾಡಲು ಬಮ್ಮಿಗಟ್ಟಿಯ ನಮ್ಮ ಓಣಿಗೆ ಬಂದಿದ್ದ ಗಂಗವ್ವ ಕೆಳಗಿನಿಂದ ಚೇಷ್ಟೆ ಮಾಡಿದಳು.

ತಮ್ಮ ಮನೆಯ ಮಾಳಿಗೆಯ ಮೇಲೆ ನನ್ನ ಜೊತೆ ಕೂತಿದ್ದ ನೆರೆಮನೆಯ ರೆಹಾನಾ ಅಕ್ಕ ನಿಜವಾಗಿಯೂ ಪೈಲಟ್. “ಒಲ್ಲೆ ಕಾಕಿ, ನಾಳಿ ನನಗ ಫೋನ್ ಬಂದ್ರ?” ಎಂದಳು. ಅವಳು ವಿಮಾನ ಕಂಪನಿಯ ಕಾಯಂ ನೌಕರಿಯವಳಲ್ಲ. ಪೈಲಟ್‌ಗಳನ್ನು ಒದಗಿಸುವ ಏಜೆನ್ಸಿ ಕರೆದಾಗ ಮಾತ್ರ ಹಾರಾಟ, ಹಾರಿದ ತಾಸಿಗಷ್ಟೇ ಪಗಾರ. ಮಳೆಗಾಲ ಹಿಡಿದಾಗಿನಿಂದ ಕರೆ ಬಂದಿರಲಿಲ್ಲ. ನೆಟ್‌ವರ್ಕ್ ಚೆನ್ನಾಗಿ ಸಿಗುತ್ತದೆಂದು ಅವಳು ಮಾಳಿಗೆ ಬಿಟ್ಟು ಇಳಿಯುತ್ತಲೇ ಇರಲಿಲ್ಲ.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನ್ನ ನಾಲಿಗೆ ಸುಮ್ಮನಿರಬೇಕಲ್ಲ? “ಅಕ್ಕಾ, ಗಂಗವ್ವ ಆಳಿಗೂ ಹಿಂದಿನ ದಿನ ಹೇಳ್ತಾಳ. ನಿನಗ ಅಷ್ಟೂ ಹೇಳೂದಿಲ್ಲ. ಇದಕ್ಕ ನೌಕರಿ ಅಂತಾರೇನು? ಬಿಟ್ಟುಬಿಡು.”

ಅಷ್ಟರಲ್ಲಿ ಹುಬ್ಬಳ್ಳಿ ಕಡೆಯಿಂದ ಎದ್ದ ವಿಮಾನವೊಂದು ಮೋಡದೊಳಗೆ ಹೊಕ್ಕಿತು. ಸದ್ದು ಅಡಗುವವರೆಗೂ ಅವಳು ಆಕಾಶದಿಂದ ಕಣ್ಣು ತೆಗೆಯಲಿಲ್ಲ.

“ಈಗ ಅದರಾಗ ಕೂತವ್ರಿಗೆ ಬಿಸಿಲು ಬಿದ್ದಿರ್ತದ,” ಎಂದಳು. “ಒಮ್ಮೆ ಆ ಮೋಡ ದಾಟಿ ಬಿಸಿಲು ನೋಡಿ ಬಾ, ಆಮ್ಯಾಲ ವಾದ ಮಾಡು.”

ನನ್ನ ವಾದ ಸರಿಯೆಂದೇ ಇಂದಿಗೂ ಅನ್ನಿಸುತ್ತದೆ. ಆದರೂ ವಿಮಾನದ ಸದ್ದು ಕೇಳಿದಾಗಲೆಲ್ಲ ಮೊದಲು ಅವಳ ಮಾಳಿಗೆಯತ್ತ ನೋಡುತ್ತೇನೆ. ಇವತ್ತಾದರೂ ಅದು ಖಾಲಿ ಇರಲಿ ಎಂದು ಜೀವ ಹಂಬಲಿಸುತ್ತದೆ.